ಯಮನಪ್ಪ ಕಾಕಾನ ಏಳು ಕಲ್ಲು

ಬೆಲೆ ಮೊದಲು ಹೇಳಿಬಿಡುತ್ತೇನೆ. ನಾನು ವ್ಯಾಪಾರದವನು, ಬೆಲೆ ಮುಚ್ಚಿಟ್ಟು ಮಾಲು ಹೊಗಳುವುದು ನನಗೆ ಬಾರದು. ಯಮನಪ್ಪ ಕಾಕಾನನ್ನು ಅರ್ಥ ಮಾಡಿಕೊಳ್ಳಲು ನನಗೆ ಏಳು ಗ್ರಾನೈಟ್ ಕಲ್ಲುಗಳ ಅರ್ಧ ಬೆಲೆ ಹೋಯಿತು, ಜೊತೆಗೆ ಆ ಮನುಷ್ಯನೂ ಹೋದ. ಕಲ್ಲಿನ ನಷ್ಟ ಎರಡು ವರ್ಷದಲ್ಲಿ ತುಂಬಿಕೊಂಡಿತು. ಇನ್ನೊಂದು ಇವತ್ತಿಗೂ ತುಂಬಿಲ್ಲ. ಯಾಕೆ ಹೋಯಿತೆಂದರೆ, ಕೇಳಬೇಕಾದ ಒಂದು ಮಾತನ್ನು ನಾನು ಕೇಳಲಿಲ್ಲ, ಆಡಬಾರದ ಒಂದು ಮಾತನ್ನು ಆಡಿದೆ.

ಕಾಕಾ ಕಲ್ಲಿಗೆ ನೀರು ಕುಡಿಸುತ್ತಿದ್ದ. ತಾವರಗೇರಾದ ಆಚೆ ಗುಡ್ಡದಲ್ಲಿ ನಮ್ಮ ಕ್ವಾರಿ. ಬಂಡೆಯಿಂದ ಎತ್ತಿನ ಗಾಡಿಯಷ್ಟು ದೊಡ್ಡ ಕೆಂಪು ಕಲ್ಲನ್ನು ಬಿಡಿಸಿದ ಮೇಲೆ ಕಾಕಾ ಅದರ ಮೈಮೇಲೆ ಕೊಡದಿಂದ ನೀರು ಸುರಿದು, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಅದು ಒಣಗುವುದನ್ನೇ ನೋಡುತ್ತಿದ್ದ. ಒಳಗೆ ಬಿರುಕಿದ್ದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈಯೆಲ್ಲ ಒಣಗಿದ ಮೇಲೂ ಕೂದಲೆಳೆಯಂಥ ಕಪ್ಪು ಗೆರೆಯೊಂದು ಹಸಿಯಾಗಿ ಉಳಿಯುತ್ತದೆ. ಗೆರೆ ಉಳಿಯದಿದ್ದರೆ ಸುತ್ತಿಗೆಯಿಂದ ಒಂದೇ ಒಂದು ಸಲ ಬಡಿದು ನಾದ ಕೇಳಿ, ಮೂಲೆಯಲ್ಲಿ ಉಳಿಯಿಂದ ಮೂರು ಚುಕ್ಕೆ ಹಾಕುತ್ತಿದ್ದ. ಮೂರು ಚುಕ್ಕೆ ಬಿದ್ದ ಕಲ್ಲು ಒಡೆದದ್ದನ್ನು ನಾನು ನೋಡಿಲ್ಲ. "ಮನಷ್ಯಾ ಸುಳ್ಳ ಹೇಳ್ತಾನ, ಕಲ್ಲು ಹೇಳಂಗಿಲ್ಲ ತಮ್ಮಾ. ಅದಕ್ಕ ಬಾಯಿಲ್ಲ, ಹಂಗಾಗಿ" ಎನ್ನುತ್ತಿದ್ದ.

ನಾನು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಎಣಿಸುತ್ತ ಶುರು ಮಾಡಿದವನು. ಚೌಕಾಸಿಯನ್ನು ಅಲ್ಲಿನ ದಲಾಲರಿಂದ ಕಲಿತೆ. ಎಪ್ಪತ್ತರ ದಶಕದ ಕೊನೆಗೆ ಈ ಕ್ವಾರಿಯನ್ನು ಗುತ್ತಿಗೆ ಹಿಡಿದಾಗ ನನಗೆ ಕಲ್ಲಿನ ತಲೆ ಬುಡ ಗೊತ್ತಿರಲಿಲ್ಲ. ಯಲಬುರ್ಗಾ ಹಾದಿಯ ಹಳ್ಳಿಯೊಂದರಲ್ಲಿ ಬೀಸುವ ಕಲ್ಲು ಕಡಿಯುತ್ತಿದ್ದ ಕಾಕಾನನ್ನು ಕರೆತಂದೆ. ನಾಲ್ಕು ದಿನಕ್ಕೆಂದು ಬಂದವನು ನಾಲ್ಕು ವರ್ಷ ನಿಂತ.

ಅವನ ಅಪ್ಪನೂ ಕಲ್ಲು ಕಡಿಯುವವನೇ. ಆ ಕಥೆಯನ್ನು ಕಾಕಾ ಬುತ್ತಿ ಬಿಚ್ಚಿದಾಗಲೆಲ್ಲ ಹೇಳುತ್ತಿದ್ದ, ರೊಟ್ಟಿಯ ಜೊತೆಗಿನ ಖಾರದ ಹಾಗೆ.

"ನಿಜಾಮನ ಕಾಲ್ದಾಗ ಕುಷ್ಟಗಿ ಸಂತಿಗೆ ಅಪ್ಪ ಬೀಸೂಕಲ್ಲು ಒಯ್ತಿದ್ದ. ಅಮಲದಾರನ ಜವಾನ ಬರ್ತಿದ್ದ. ಕಲ್ಲಿಗೆ ಕಾಲಿಲೆ ಒದ್ದು 'ಖರಾಬ್' ಅಂತಿದ್ದ. ಖರಾಬ್ ಅಂದಮ್ಯಾಲೆ ಮಾರೂಹಂಗಿಲ್ಲ. ಆದ್ರ ಸಂಜಿ ಅನ್ನೂದ್ರಾಗ ಅದ ಕಲ್ಲು ಅಮಲದಾರನ ಅಡಗಿಮನ್ಯಾಗ ಜ್ವಾಳ ಬೀಸ್ತಿತ್ತು! ಅಪ್ಪನ ತಲಿಮ್ಯಾಲನ ಹೊರಿಸ್ಕೊಂಡು ಹೋಗ್ತಿದ್ರು, ಬಿಟ್ಟಿ. ಒಮ್ಮಿ ಅಪ್ಪ ಬಾಯಿ ತೆಗದ. 'ನಿನಗೇನ್ ತಿಳಿತೈತಿ, ಸುಮ್ನಿರು' ಅಂದ್ರು. ಸಾಯೂತನಕ ಸುಮ್ನ ಇದ್ದ."

ತಾವರಗೇರಾದ ಚಹಾದಂಗಡಿಯಲ್ಲೊಂದು ರೇಡಿಯೋ ಇತ್ತು. ಎಂಬತ್ತರಲ್ಲಿ ಆಫ್ರಿಕಾದ ಜಿಂಬಾಬ್ವೆ ಬಿಳಿಯರಿಂದ ಸ್ವತಂತ್ರವಾದ ವಾರ್ತೆ ಬಂದಾಗ ನಾವು ಅಲ್ಲೇ ಇದ್ದೆವು. ಕಾಕಾ ಬಸಿಯಲ್ಲಿ ಸುರಿದುಕೊಂಡ ಚಹಾ ಕೆಳಗಿಟ್ಟು ಕೇಳಿದ, "ಆ ದೇಶದಾಗ ಏನ ಬೆಳಿತಾರ?"

"ತಂಬಾಕು ಅಂತಾರ, ಕಾಕಾ. ನೆಲದಾಗ ಬಂಗಾರನೂ ಐತಂತ."

"ಅದನ್ನ ತೂಗೋರು ಯಾರು?"

ಅಂಗಡಿಯವನು ನಕ್ಕ. "ನಿನಗ್ಯಾಕ ಬೇಕೋ ಯಮನಪ್ಪಾ? ಅಲ್ಲೇನ ಬೀಗತನ ಮಾಡಾಂವೇನ?"

"ಬೀಗತನಾನ ಐತಲೇ. ಅವರಪ್ಪಗೂ ಯಾರೋ ಖರಾಬ್ ಅಂದಿರ್ತಾರ. ಬಾವುಟ ಏರ್ಸಾಕ ಒಂದ ಹಗ್ಗ ಸಾಕು. ತಕ್ಕಡಿ ಕೈಯಾಗ ಬರೂದು ಅಷ್ಟು ಸಲೀಸಲ್ಲ."

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಓದು ಬರಹ ಬಾರದ ಮನುಷ್ಯ ಜಗತ್ತಿನ ರಾಜಕಾರಣವನ್ನು ಎರಡೇ ಪ್ರಶ್ನೆಗಳಲ್ಲಿ ಮುಗಿಸಿದ್ದ. ನನಗೆ ಅದು ಗೊತ್ತಾಗಲು ಇನ್ನೆರಡು ವರ್ಷ ಬೇಕಾಯಿತು.

ನಮ್ಮ ಕಲ್ಲು ಮದ್ರಾಸಿನ ಬಂದರಿನಿಂದ ಯುರೋಪಿಗೆ ಹೋಗುತ್ತಿತ್ತು. ಕೊಯ್ದು ಹೊಳಪು ಕೊಡುವ ಯಂತ್ರ ನಮ್ಮ ಕಡೆ ಇರಲಿಲ್ಲ, ಬಂಡೆಯನ್ನು ಬಂಡೆಯ ಹಾಗೇ ಮಾರುವುದು. ಕೊಳ್ಳುವ ಬಿಳಿಯನನ್ನು ನಾನು ಕಣ್ಣಾರೆ ಕಂಡಿಲ್ಲ. ಅವನ ಬದಲು ಅವನ ಬಣ್ಣದ ಡಬ್ಬಿ ಬರುತ್ತಿತ್ತು. ಅದನ್ನು ಹಿಡಿದುಕೊಂಡು ಬರುವವನು ನಮ್ಮವನೇ, ಇಸ್ತ್ರಿ ಮಾಡಿದ ಪ್ಯಾಂಟಿನ ತಪಾಸಣೆಗಾರ. ಬಿಳಿ ಗುರುತು ಹಾಕಿದರೆ ಪೂರ್ತಿ ಬೆಲೆ, ಕೆಂಪು ಗೀಟು ಎಳೆದರೆ ಕಲ್ಲು ತಿರಸ್ಕೃತ.

ಆ ಸಲ ಇಪ್ಪತ್ತು ಕಲ್ಲು ಸಿದ್ಧವಾಗಿದ್ದವು. ಇಪ್ಪತ್ತಕ್ಕೂ ಕಾಕಾನ ಮೂರು ಚುಕ್ಕೆ ಬಿದ್ದಿತ್ತು. ತಪಾಸಣೆಗಾರ ಏಳಕ್ಕೆ ಕೆಂಪು ಎಳೆದ. "ಒಳಗೆ ಕ್ರ್ಯಾಕ್ ಇದೆ, ರಿಜೆಕ್ಟ್. ನಿಮಗೂ ನಷ್ಟ ಆಗಬಾರದಲ್ಲ, ಅರ್ಧ ರೇಟಿಗೆ ನಾವೇ ಎತ್ಕೊಂಡು ಹೋಗ್ತೀವಿ" ಎಂದ, ದಾನ ಮಾಡುವವನ ಹಾಗೆ.

ಕಾಕಾ ಕೊಡ ತಂದ. ಏಳೂ ಕಲ್ಲಿಗೆ ನೀರು ಸುರಿದ. ಉರಿಬಿಸಿಲು. ಎಲ್ಲರೂ ಸುತ್ತ ನಿಂತೆವು. ಕಲ್ಲುಗಳು ಒಣಗಿದವು. ಒಂದರಲ್ಲೂ ಗೆರೆ ಉಳಿಯಲಿಲ್ಲ.

"ಎಲ್ಲೈತ್ರಿ ಸಾಹೇಬ್ರ ಬಿರಕು? ತೋರಸ್ರಿ, ನಾನೂ ಕಣ್ತುಂಬ ನೋಡ್ತೀನಿ."

"ಅದು ನಿಮಗೆ ಕಾಣಲ್ಲ. ಯುರೋಪಿನಲ್ಲಿ ಮಶೀನಿಗೆ ಹಾಕಿದಾಗ ಕಾಣುತ್ತೆ."

"ಅಲ್ಲಿ ಕಾಣೂದು ನಿಮಗ ಇಲ್ಲಿಂದನ ಕಂಡತೇನ್ರಿ? ಭಾಳ ಛಲೋ ಕಣ್ಣು ಬಿಡ್ರಿ."

ಕೆಲಸದವರು ನಕ್ಕರು. ತಪಾಸಣೆಗಾರನ ಮುಖ ಕೆಂಪಾಯಿತು. ಕಾಕಾ ನನ್ನ ಕಡೆ ತಿರುಗಿದ. "ಒಡದ ಕಲ್ಲಾದ್ರ ಇವ್ರಿಗ್ಯಾಕ ಬೇಕು? ಇಲ್ಲೇ ಬಿಡ್ಲಿ, ನಾ ಬೀಸೂಕಲ್ಲು ಮಾಡ್ಕೋತೀನಿ. ತಮ್ಮಾ, ಬಿಟ್ಟು ಹೋಗ್ತಾರೇನ ಕೇಳು. ಅದೊಂದ ಮಾತು ಕೇಳು."

ತಪಾಸಣೆಗಾರ ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ. "ನಿಮ್ಮ ಕೂಲಿಯವರೇ ವ್ಯಾಪಾರ ಮಾಡೋದಾದ್ರೆ ನಾನು ಬೇರೆ ಕ್ವಾರಿ ನೋಡ್ಕೋತೀನಿ."

ಲಾರಿಗಳು ಬಂದು ನಿಂತಿದ್ದವು. ನನಗೆ ಬೇರೆ ಗಿರಾಕಿ ಇರಲಿಲ್ಲ. ಗಂಗಾವತಿಯ ದಲಾಲರಿಗೇ ಬೆವರಿಳಿಸಿದ ನನ್ನ ನಾಲಿಗೆ ಅಂದು ಒಣಗಿತು. ಬರೀ ಒಣಗಿದ್ದರೆ ಚಿಂತೆಯಿರಲಿಲ್ಲ, ಅದು ತಪ್ಪು ಕಡೆಗೆ ಹೊರಳಿತು.

"ಕಾಕಾ, ನಿನಗೇನ್ ತಿಳಿತೈತಿ, ಸುಮ್ನಿರು" ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ನೆನಪಾಯಿತು. ಕಾಕಾ ಸಿಟ್ಟಾಗಲಿಲ್ಲ. ಕೊಡವನ್ನು ನೆಟ್ಟಗೆ ಇಟ್ಟ. "ಆತ್ರಿ ಸಾವ್ಕಾರ್ರ" ಎಂದ. ನಾಲ್ಕು ವರ್ಷದಲ್ಲಿ ಅವನು ನನ್ನನ್ನು 'ತಮ್ಮಾ' ಬಿಟ್ಟು ಬೇರೆ ಹೆಸರಿಂದ ಕರೆದದ್ದು ಅದೇ ಮೊದಲು. ಸುತ್ತಿಗೆ, ಉಳಿ ಗೋಣಿಚೀಲಕ್ಕೆ ಹಾಕಿಕೊಂಡು ಗುಡ್ಡ ಇಳಿದು ಹೋದ. ಏಳು ಕಲ್ಲು ಅರ್ಧ ಬೆಲೆಗೆ ಲಾರಿ ಹತ್ತಿದವು.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಮದ್ರಾಸಿನ ಬಂದರಿಗೆ ಹೋದೆ. ಹಡಗಿಗೆ ಕಾದಿದ್ದ ಕಲ್ಲುಗಳ ಸಾಲಿನಲ್ಲಿ ಮೂರು ಚುಕ್ಕೆ ಕಂಡವು. ಹತ್ತಿರ ಹೋದೆ. ಕೆಂಪು ಬಣ್ಣವನ್ನು ಕೆರೆದು ತೆಗೆದ ಜಾಗ ಸ್ಪಷ್ಟವಾಗಿತ್ತು, ಅದರ ಮೇಲೆ ಬಿಳಿ ಗುರುತು ಬಿದ್ದಿತ್ತು. ಒಂದಲ್ಲ, ಏಳೂ. "ಈ ಸಾಲು ಪೂರಾ ಫಸ್ಟ್ ಕ್ವಾಲಿಟಿ" ಎಂದ ಅಲ್ಲಿನ ಗುಮಾಸ್ತ, ನಾನು ಕೊಳ್ಳಲು ಬಂದವನೆಂದು ತಿಳಿದು.

ಆಳಿದವರು ಹೋದರು ಸರಿ. ನಿಜಾಮ ಹೋದ, ಬಿಳಿಯರು ಹಡಗು ಹತ್ತಿದರು, ವರ್ಷಕ್ಕೊಮ್ಮೆ ಮಿಠಾಯಿ ಹಂಚುತ್ತೇವೆ. ಆದರೆ ಹೋಗುವಾಗ ಅವರು ಒದೆಯುವ ಕಾಲನ್ನು ನಮ್ಮವರಿಗೇ ಬಾಡಿಗೆಗೆ ಕೊಟ್ಟು ಹೋದರು. ನೆಲ ನಮ್ಮದು, ಬೆವರು ನಮ್ಮದು, ಕಲ್ಲು ಕೆಟ್ಟದ್ದೆಂದು ಹೇಳುವ ಬಾಯಿಯೂ ನಮ್ಮದೇ. ಲಾಭವೊಂದು ಮಾತ್ರ ಹಡಗು ಹತ್ತುತ್ತದೆ! ಇನ್ನೂ ನಾಚಿಕೆಯ ಸಂಗತಿಯೆಂದರೆ, ಅಂದು ಗುಡ್ಡದ ಮೇಲೆ ಆ ಬಾಡಿಗೆಯ ಕಾಲಿನಿಂದ ಕಾಕಾನನ್ನು ಒದ್ದವನು ತಪಾಸಣೆಗಾರನಲ್ಲ, ನಾನು.

ಬಂದರಿನಿಂದ ಬಂದವನೇ ಅವನ ಹಳ್ಳಿಗೆ ಹೋದೆ. ಮನೆಯ ಮುಂದೆ ಬೀಸುವ ಕಲ್ಲಿಗೆ ಹಲ್ಲು ಹಾಕುತ್ತ ಕೂತಿದ್ದ. ಕ್ವಾರಿಯಲ್ಲೇ ಹಿಡಿದಿದ್ದ ಕೆಮ್ಮು ಹೆಚ್ಚಾಗಿತ್ತು. ಕಂಡದ್ದನ್ನೆಲ್ಲ ಹೇಳಿದೆ. ಉಳಿ ನಿಲ್ಲಿಸದೆ ಕೇಳಿದ.

"ಅದನ್ನ ನೋಡಾಕ ಮದ್ರಾಸಕ ಹೋಗಬೇಕಾತೇನ್ರಿ ಸಾವ್ಕಾರ್ರ? ನಾ ಇಲ್ಲೇ ಇದ್ನಲ್ಲ."

"ತಪ್ಪಾತು ಕಾಕಾ. ಹೊಳ್ಳಿ ಬಾ."

"ಕಲ್ಲಿನ ಕೆಲಸಕ್ಕ ಕರದ್ರ ಎಲ್ಲ್ಯಾದ್ರೂ ಬಂದೇನ್ರಿ. ಸುಮ್ನ ಇರೂ ಕೆಲಸಕ್ಕ ಒಲ್ಲೆ. ಅದನ್ನ ನಮ್ಮಪ್ಪ ಮಾಡಿ ಮುಗಿಸ್ಯಾನ."

ಅದೇ ಕೊನೆಯ ಭೇಟಿ.

ಮುಂದಿನ ತಪಾಸಣೆಯಲ್ಲಿ ಆರು ಕಲ್ಲಿಗೆ ಕೆಂಪು ಬಿತ್ತು. "ಆತು, ಇಲ್ಲೇ ಬಿಟ್ಟು ಹೋಗ್ರಿ" ಎಂದೆ. ತಪಾಸಣೆಗಾರ ನಕ್ಕ, ಹೆದರಿಸಿದ, ಲಾರಿ ತಿರುಗಿಸಿಕೊಂಡು ಹೋದ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅದೇ ಲಾರಿ ಬಂತು. ಐದು ಕಲ್ಲು ಪೂರ್ತಿ ಬೆಲೆಗೆ ಹೋದವು. ಆರನೆಯದರಲ್ಲಿ ನಿಜವಾಗಿಯೂ ಬಿರುಕಿತ್ತು, ಅದನ್ನು ಮೊದಲೇ ಹಿಡಿಯಲು ನಮ್ಮಲ್ಲಿ ಕಣ್ಣು ಉಳಿದಿರಲಿಲ್ಲ.

ಸುದ್ದಿ ಹೇಳಲು ಓಡಿದೆ. ಯುಗಾದಿ ಮುಗಿದ ವಾರವೇ ಕಾಕಾ ತೀರಿಕೊಂಡಿದ್ದ. ಕಲ್ಲಿನ ಪುಡಿ ಎದೆ ತಿಂದಿತ್ತು. ಅವನ ಹೆಂಡತಿ ಬಾಗಿಲಲ್ಲಿ ಕೂತಿದ್ದಳು. "ಕ್ವಾರಿ ಕಡಿಂದ ಯಾರ ಬಂದ್ರೂ ನಮ್ಮನಿಯವ್ರು ಇದನ್ನ ಕೇಳ್ತಿದ್ರು ನೋಡಪ್ಪ" ಎಂದಳು. "'ಆ ನಮ್ಮ ತಮ್ಮ, ಅದೊಂದ ಮಾತು ಕೇಳಿದ್ನೇನು?' ಅಂತ."

ಓದುವವರೇ, ನೀವು ಕಲ್ಲು ಮಾರುತ್ತೀರೋ, ಹತ್ತಿಯೋ, ಶೇಂಗಾವೋ, ನಿಮ್ಮ ಬುದ್ಧಿಯೋ, ನನಗೆ ಗೊತ್ತಿಲ್ಲ. ನಿಮ್ಮ ಮಾಲು ಕೆಟ್ಟದ್ದೆಂದವನೇ ಅದನ್ನು ಹೊತ್ತುಕೊಂಡು ಹೋಗಲು ಚೀಲ ಬಿಚ್ಚಿದರೆ, ಮಾಲು ಚೆನ್ನಾಗಿದೆ ಎಂದು ತಿಳಿಯಿರಿ. ಯಾಕೆ ಕೆಟ್ಟದ್ದು ಎಂದು ಬರೆಸಿಕೊಳ್ಳಿ. ಬರೆಯದಿದ್ದರೆ ಬಿಟ್ಟು ಹೋಗಲು ಹೇಳಿ. ಮೂರು ದಿನದ ಖರ್ಚು ಕೈಯಲ್ಲಿಟ್ಟುಕೊಂಡೇ ವ್ಯಾಪಾರಕ್ಕೆ ಕೂತುಕೊಳ್ಳಿ, ಹಸಿದವನಿಗೆ ಇಲ್ಲವೆನ್ನಲು ಧೈರ್ಯ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ: ಪಕ್ಕದಲ್ಲಿ ನಿಂತು ನಿಮ್ಮ ಪರವಾಗಿ ಬಾಯಿ ತೆರೆಯುವವನಿದ್ದರೆ, ಗಿರಾಕಿ ಎದ್ದು ಹೋದರೂ ಹೋಗಲಿ, ಅವನ ಬಾಯಿ ಮುಚ್ಚಿಸಬೇಡಿ. ಅಂಥವನು ಕೂಲಿಗೆ ಸಿಗುವುದಿಲ್ಲ.