ನೇಪಾಳಕ್ಕೆ ಹೋದ ಓಬಳಮ್ಮನ ಕನ್ನಡಕ

ತುಮಕೂರಿನ ಬಟವಾಡಿಯಲ್ಲಿ ಯೋಗನರಸಿಂಹ ಅಂತ ಒಬ್ಬ ಕನ್ನಡಕದ ಅಂಗಡಿಯವನಿದ್ದ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುತ್ತಿದ್ದ, ತನ್ನ ಕಣ್ಣೆದುರಿಗಿದ್ದದ್ದು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ಆ ಮಹಾನುಭಾವ ಬೇರೆ ಯಾರೂ ಅಲ್ಲ, ನಾನೇ.

೧೯೮೩ರ ಮಾತು. ಕಣ್ಣಿನ ಡಾಕ್ಟರು ಸೀತಾರಾಮಯ್ಯನವರು ನೇಪಾಳದ ಒಂದು ಗುಡ್ಡದ ಹಳ್ಳಿಗೆ ವಿಮಾನದಲ್ಲಿ ಹೋಗಿ, ಹತ್ತು ದಿನ ಪುಕ್ಕಟೆ ಕ್ಯಾಂಪು ನಡೆಸಿ ಬರುವುದಕ್ಕೆ ತಂಡ ಕಟ್ಟಿದರು. "ಯೋಗು, ಕನ್ನಡಕ ಕೊಡೋಕೆ ನೀನೂ ಬಾರೋ" ಅಂದರು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಳೇ ಕನ್ನಡಕ ದಾನ ಕೊಡಿ ಎಂದು ಗುಬ್ಬಿ, ಕುಣಿಗಲ್ಲೆಲ್ಲ ಸುತ್ತಿದೆ. ಒಂದು ಕನ್ನಡಕ ಇಸಿದುಕೊಂಡ ಕಡೆ ನಾಲ್ಕು ಸಲ ಫಾರಿನ್ನಿನ ಸುದ್ದಿ ಹೇಳಿ ಬಂದೆ.

ಹೆಂಡತಿ ಅಲಮೇಲಮ್ಮ ಕೇಳಿದಳು: "ರೀ, ನೇಪಾಳಕ್ಕೆ ಪಾಸ್‌ಪೋರ್ಟೇ ಬೇಡ್ವಂತೆ. ಅದೆಂಥ ಫಾರಿನ್ನು?"

"ವಿಮಾನ ಇದ್ಯಲ್ಲೇ!"

"ಸರಿ ಹೋಗ್ಬನ್ನಿ. ಓಬಳಮ್ಮನ ಕನ್ನಡಕ ಮಾತ್ರ ರಿಪೇರಿ ಮಾಡಿ ಕೊಟ್ಟು ಹೋಗಿ. ಪಾಪ, ದಿನಾ ಕೇಳ್ತಾಳೆ."

ಓಬಳಮ್ಮ ನಮ್ಮ ಅಂಗಡಿಯ ಮುಂದೆ ಕೂತು ಹೂ ಕಟ್ಟಿ ಮಾರುವವಳು. ಕನ್ನಡಕದ ಒಂದು ಕಡ್ಡಿ ಕಳಚಿದಾಗ, ಹೂ ಕಟ್ಟುವ ಬಾಳೆನಾರಿನಿಂದಲೇ ಅದನ್ನು ಬಿಗಿದು ಮೂರು ತಿಂಗಳು ತಳ್ಳಿ, ಕೊನೆಗೆ ನನ್ನ ಕೈಗೆ ಕೊಟ್ಟಿದ್ದಳು.

"ಸಾಮಿ, ಒಂದು ಸ್ಕ್ರೂ ಹಾಕಕ್ಕೆ ಎಷ್ಟು ದಿಸ ಬೇಕು? ಅದಿಲ್ದಿದ್ರೆ ಮಲ್ಗೆ ಯಾವ್ದು ಮರುಗ ಯಾವ್ದು ಗೊತ್ತಾಗಕಿಲ್ಲ."

"ನಾಳೆ ಕಣಮ್ಮ. ಫೋಟೋದವನು ಬರ್ತಾನೆ, ಬುಟ್ಟಿ ಸ್ವಲ್ಪ ಆಚೆ ಸರ್ಸು."

ಆ ನಾಳೆ ಬರುವ ಮೊದಲೇ ಹೊರಡುವ ದಿನ ಬಂತು. ಗಡಿಬಿಡಿಯಲ್ಲಿ ಮೇಜಿನ ಮೇಲಿದ್ದ ಕನ್ನಡಕಗಳನ್ನೆಲ್ಲ ತೋಳಿನಿಂದ ಬಳಿದು ದಾನದ ಪೆಟ್ಟಿಗೆಗೆ ತುಂಬಿದೆ.

ನೇಪಾಳದ ಆ ಹಳ್ಳಿಯಲ್ಲಿ, ದನ ಓಡಿಸಿ ಜಾಗ ಮಾಡಿದ ಹುಲ್ಲುಗಾವಲಿನಲ್ಲಿ ಪುಟ್ಟ ವಿಮಾನ ಇಳಿಯಿತು. ಆಗಲೇ ಇನ್ನೂರು ಜನ ಸಾಲು ನಿಂತಿದ್ದರು. ನಾನು ಗಂಭೀರವಾಗಿ, ಕೆಂಪು ಕಪ್ಪು ಬಣ್ಣದಲ್ಲಿ ನಾನೇ ಬರೆದಿದ್ದ, ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡು ಬಿಚ್ಚಿ ನೇತುಹಾಕಿದೆ. ಡಾಕ್ಟರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು.

"ಯೋಗು, ಇದು ಕನ್ನಡ ಕಣೋ."

"ಹೌದು ಡಾಕ್ಟ್ರೇ, ನಾನೇ ಬರ್ದಿದ್ದು."

"ಇವ್ರು ಓದ್ಬೇಕಲ್ಲೋ!"

ಬೋರ್ಡನ್ನು ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡೆ. ಓದುಬರಹ ಬಾರದವರಿಗೆ ಬಟವಾಡಿಯಲ್ಲಿ ಮಾಡುತ್ತಿದ್ದ ಪರೀಕ್ಷೆಯೇ ಗತಿಯಾಯಿತು. ಕೈಗೆ ಸೂಜಿ, ದಾರ ಕೊಟ್ಟು ಒಂದೊಂದೇ ಕನ್ನಡಕ ಹಾಕಿಸುವುದು. ಯಾವುದರಲ್ಲಿ ದಾರ ಪೋಣಿಸುತ್ತಾರೋ ಅದು ಅವರದು.

ಮೂರನೇ ದಿನ ಒಬ್ಬ ಮುದುಕಿ ನನಗೆ ಕಾಯದೆ ತಾನೇ ಪೆಟ್ಟಿಗೆಗೆ ಕೈಹಾಕಿ, ಒಂದನ್ನು ಮೂಗಿಗೇರಿಸಿ, ಒಂದೇ ಸಲಕ್ಕೆ ದಾರ ಪೋಣಿಸಿದಳು. ಸುತ್ತ ನಿಂತವರು ಹೋ ಎಂದರು. ನಾನೂ ಹೋ ಎನ್ನಲು ಬಾಯಿ ತೆರೆದವನು ಹಾಗೇ ನಿಂತೆ. ಕನ್ನಡಕದ ಕಡ್ಡಿಗೆ ಬಾಳೆನಾರು ಬಿಗಿದಿತ್ತು!

ಇಸಿದುಕೊಳ್ಳಲು ಕೈ ಚಾಚಿದೆ. ನನ್ನ ಶರಟಿನ ತೋಳಿನ ಗುಂಡಿ ನೇತಾಡುತ್ತಿತ್ತು, ಅದು ಅವಳಿಗೆ ಕಂಡಿತು. ಅದಕ್ಕೇ ಕೈ ಚಾಚಿದೆನೆಂದುಕೊಂಡಳೋ ಏನೋ, ನನ್ನನ್ನು ಎಳೆದು ಕೂರಿಸಿ, ಗುಂಡಿ ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದು, ಬೆನ್ನು ತಟ್ಟಿ, ಕನ್ನಡಕದ ಸಮೇತ ಗುಡ್ಡ ಹತ್ತಿ ಹೊರಟಳು. ಮಾತು ತಿಳಿದವರನ್ನು ಕರೆದು ಹೇಳಿಸಬಹುದಿತ್ತು. ಏನಂತ ಹೇಳಿಸಲಿ?

ತುಮಕೂರಿಗೆ ಬಂದು ಬಸ್ಸಿಳಿದರೆ ಗೆಳೆಯರು ಹಾರ ಹಾಕಿದರು. ಫೋಟೋದವನು ಫೋಟೋ ತೆಗೆದ. ಆಮೇಲೆ ಹಾರ ನೋಡಿಕೊಂಡೆ. ಒಂದು ಕಡೆ ಬರೀ ಮರುಗ, ಇನ್ನೊಂದು ಕಡೆ ಬರೀ ನಾರು. ಹೆಜ್ಜೆಗೆರಡು ಮೊಗ್ಗು ಉದುರುತ್ತಿದ್ದವು.

"ಯಾರೇ ಇದನ್ನ ಕಟ್ಟಿದ್ದು?"

"ಇನ್ಯಾರು, ಓಬಳಮ್ಮ" ಅಂದಳು ಅಲಮೇಲಮ್ಮ. "ನೀವು ಹೋದಾಗಿಂದ ಅವಳ ಹೂವು ಯಾರೂ ತಗೋತಾ ಇಲ್ಲ. ನಾನೇ ಹೇಳಿ ಕಟ್ಟಿಸ್ದೆ."

ಹಾರದ ಸಮೇತ ಹೋಗಿ ಓಬಳಮ್ಮನ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ.

"ನಾನೇ ವಿಮಾನ ಹತ್ತಿಲ್ಲ, ನನ್ ಕನ್ನಡ್ಕ ಹತ್ತೈತಾ?" ಅಂದಳು. "ಆಯಮ್ಮಂಗೆ ಚೆಂದಾಗಿ ಕಾಣ್ತಾ?"

"ಕಾಣ್ತು. ನನ್ನ ಗುಂಡಿ ಹೊಲಿದ್ಲು."

"ಆಯಮ್ಮಂಗಾದ್ರೂ ಸ್ಕ್ರೂ ಹಾಕ್ಕೊಟ್ರಾ ಸಾಮಿ?"

ನಾನು ತಲೆ ತಗ್ಗಿಸಿದೆ.

"ಅಲ್ಲಿಗೋದ್ರೂ ಹಾಕ್ಲಿಲ್ವಾ!" ಎಂದು ಹಣೆ ಚಚ್ಚಿಕೊಂಡಳು.

ಕೈಕಾಲು ತೊಳೆಯುವುದಕ್ಕೂ ಮೊದಲು ಅಂಗಡಿ ಬಾಗಿಲು ತೆಗೆದು ಅವಳನ್ನು ಕೂರಿಸಿದೆ. ಸೂಜಿ ಕೊಟ್ಟರೆ ಬೇಡವೆಂದಳು. ಮೊದಲ ಕನ್ನಡಕ ಹಾಕಿ ನನ್ನ ಹಾರ ಹಿಡಿದು ನೋಡಿ ತಲೆಯಾಡಿಸಿದಳು, ಎರಡನೆಯದಕ್ಕೂ ಹಾಗೇ. ಮೂರನೆಯದು ಹಾಕುತ್ತಲೇ, "ಥೂ! ಯಾವ್ ಕುರ್ಡಿ ಕಟ್ಟಿದ್ದು ಇದ್ನ?" ಅಂದಳು.

ನಂಬರು ಕೂತಿತು.

ಹಾರ ಹಾಕಿಸಿಕೊಂಡ ಆ ಫೋಟೋ ಇನ್ನೂ ನನ್ನ ಅಂಗಡಿಯಲ್ಲಿದೆ. ಹೊಸ ಕನ್ನಡಕ ಹಾಕಿಕೊಂಡ ಗಿರಾಕಿಯ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. "ಚೆನ್ನಾಗಿ ಬಂದಿದೀರಿ ಸಾರ್" ಅಂದರೆ ನಂಬರು ಬದಲಾಯಿಸುತ್ತೇನೆ. "ಇದೇನ್ ಸಾರ್, ಹಾರ ಹಿಂಗೈತೆ?" ಅಂದರೆ ಸ್ಕ್ರೂ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ ಕಳಿಸುತ್ತೇನೆ.