ಇಳಿಯದ ಚೀಲ

ಸಿರವಾರದ ಹಮಾಲ ಅಮರಣ್ಣ ತನ್ನ ಕೇಸಿನ ಪೇಶಿಯ ದಿನ ರಾಯಚೂರಿನ ಕೋರ್ಟಿಗೆ ಬಂದನೆಂದರೆ, ಬೆನ್ನ ಮೇಲೆ ಇಲ್ಲದ ಚೀಲ ಬಾಗಿಲಿಗೆ ತಗುಲದಂತೆ ಅಡ್ಡ ತಿರುಗಿಯೇ ಒಳಬರುತ್ತಾನೆ. ಕೂತರೆ ಬೆನ್ನಿಗೂ ಗೋಡೆಗೂ ನಡುವೆ ಚೀಲದಷ್ಟು ಜಾಗ ಬಿಡುತ್ತಾನೆ. ಮಳೆ ಹನಿದರೆ ತಲೆಯ ರುಮಾಲು ಬಿಚ್ಚಿ ಬೆನ್ನ ಮೇಲಿನ ಗಾಳಿಗೆ ಹೊದಿಸುತ್ತಾನೆ. ಹಮಾಲರಲ್ಲಿ ಯಾರೂ ತಮ್ಮ ಹೊರೆ ತಾವೇ ಇಳಿಸುವುದಿಲ್ಲ. ಇಳಿಸಿಕೊಂಡವನು ಬೆನ್ನು ತಟ್ಟಿ "ಇಳೀತು" ಅನ್ನಬೇಕು. ಯುದ್ಧದ ಕಾಲದಲ್ಲಿ ದಂಡಿಗೆ ಅಕ್ಕಿ ಸಾಗಿಸುವ ಅವಸರದಲ್ಲಿ ಗಿರಣಿಯ ಹಲಗೆ ಜಾರಿ ಇವನ ನಡು ಮುರಿದಾಗ, ಜನ ಗಾಬರಿಯಲ್ಲಿ ಚೀಲ ಎಳೆದು ಹಾಕಿದರೇ ಹೊರತು ಆ ಮಾತು ಯಾರೂ ಅನ್ನಲಿಲ್ಲ. ವಕೀಲ ಜಗನ್ನಾಥರಾಯರಿಗೆ ಇವನ ಮೇಲೆ ಮರುಕ, ಸಿಟ್ಟು ಎರಡೂ. "ಮಾಲೀಕರ ಜೋಡಿ ರಾಜಿ ಆಗ್ತಿಯೋ, ಪರಿಹಾರಕ್ಕ ದಾವೆ ನಡಸ್ತಿಯೋ, ಒಂದು ಹೇಳಪಾ" ಎಂದರೆ, "ಮೊದ್ಲು ಚೀಲ ಇಳಸ್ರಿ ಯಪ್ಪಾ, ಆಮ್ಯಾಲ ಹೇಳ್ತೀನಿ" ಎನ್ನುತ್ತಾನೆ. ಪ್ರತಿ ಪೇಶಿಗೂ ಇದೇ ಹಾಡು. ನಿನ್ನೆ ರಾಯರು ತಾಳ್ಮೆಗೆಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸುಮ್ಮನೆ ಇಳಿಸಿಕೊಂಡಂತೆ ನಟಿಸಲು ಅವನ ಬೆನ್ನ ಹಿಂದೆ ಎರಡೂ ಕೈ ಚಾಚಿದರು. ಅಮರಣ್ಣ ನಿಧಾನಕ್ಕೆ ನೆಟ್ಟಗಾದ. ಬೆನ್ನು ತಟ್ಟೋಣವೆಂದರೆ ರಾಯರಿಗೆ ಕೈ ಬಿಡಿಸಿಕೊಳ್ಳಲಾಗಲಿಲ್ಲ; ಭಾರಕ್ಕೆ ತೋಳು ಜಗ್ಗಿತು, ಮೊಣಕಾಲು ಬಾಗಿತು. "ಯಾರರೆ ಬರ್ರಿ, ಇಳಸ್ರಿ!" ಎಂದು ಕೂಗಿದವರು ರಾಯರು.