ಒಗ್ಗರಣೆ ಇಲ್ಲದ ಟೊಮ್ಯಾಟೊ ರಸ

ಮೊಮ್ಮಕ್ಕಳೇ, ಸಾಲಿಯಿಂದ ಬಂದಕೂಡಲೆ ಸವತಿಕಾಯಿ ಮೇಲೆ ಸುರಿದುಕೊಂಡು ತಾಟು ನೆಕ್ಕುತ್ತೀರಲ್ಲ, ಆ ಟೊಮ್ಯಾಟೊ ರಸ ನಮ್ಮ ಹಿರಿಯರಿಂದ ಬಂದದ್ದಲ್ಲ. ನನ್ನ ಅವ್ವನಾಗಲಿ ಅತ್ತೆಯಾಗಲಿ ಅದನ್ನು ಮಾಡಿದ್ದು ನಾನು ನೋಡಿಲ್ಲ. ಅದು ನಾನೇ ಕಂಡುಕೊಂಡದ್ದು. ಹೇಗೆ ಮಾಡುತ್ತಾರೆ, ಬರೆದು ಕೊಡು ಎಂದು ದೊಡ್ಡವಳು ಮೊನ್ನೆ ಕೇಳಿದಳು. ಬಾಯಿಬಿಟ್ಟು ಹೇಳುವುದಕ್ಕಿಂತ ಬರೆಯುವುದೇ ನನಗೆ ಸುಲಭ.

ಹಣ್ಣು ಜವಾರಿ ಇರಬೇಕು, ಮೈಮೇಲೆ ಗೆರೆ ಇರುವಂಥದ್ದು, ಹಿಂಡಿದರೆ ಹುಳಿ ನೀರು ಇಳಿಯುವಂಥದ್ದು. ಅಂಗಡಿಯ ಗಟ್ಟಿ ಹಣ್ಣು ಸಾರಿಗೆ ಇರಲಿ. ಅರ್ಧಕ್ಕೆ ಕೊಯ್ದು, ಕೊಯ್ದ ಮಗ್ಗುಲು ಕೆಳಗೆ ಮಾಡಿ ತುರಿಮಣೆಯ ಮೇಲೆ ಉಜ್ಜಿರಿ. ತಿರುಳು ಬಟ್ಟಲಿಗೆ ಇಳಿಯುತ್ತದೆ, ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ. ಉಪ್ಪು, ಚೂರು ಬೆಲ್ಲ, ಅಂಗೈಯಲ್ಲಿ ತಿಕ್ಕಿದ ಜೀರಿಗೆ, ಜಜ್ಜಿದ ಹಸಿಮೆಣಸಿನಕಾಯಿ, ಕೊನೆಗೆ ಗಾಣದ ಕುಸುಬಿ ಎಣ್ಣೆ ಎರಡು ಚಮಚ. ಎಣ್ಣೆ ಕಾಯಿಸಬಾರದು. ಮಿಕ್ಸಿ ಬೇಡ, ಬೀಜ ಒಡೆದು ರುಚಿ ಕೆಡುತ್ತದೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ದೊಡ್ಡವಳೇ, ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮವ್ವನಿಗೆ ಒಗ್ಗರಣೆಯ ವಾಸನೆ ಬಂದರೆ ಸಾಕು, ಓಡಿಹೋಗಿ ಹಿತ್ತಲಲ್ಲಿ ಕೂಡುತ್ತಿದ್ದಳು. ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲದ ಪದಾರ್ಥವೇ ಇರಲಿಲ್ಲ. ನನ್ನ ಕೈ ತಾನಾಗಿಯೇ ಸಾಸಿವೆ ಡಬ್ಬಿಗೆ ಹೋಗುತ್ತಿತ್ತು. ಗಜೇಂದ್ರಗಡದ ದವಾಖಾನಿಯಲ್ಲಿ ಡಾಕ್ಟರಬಾಯಿ ರಕ್ತ ಭಾಳ ಕಡಿಮಿ ಐತಿ ಎಂದರು. ಗುಳಿಗೆ ತಪ್ಪಿಸಬಾರದು, ಹಸಿರು ತಪ್ಪಲು ಪಲ್ಲೆ ತಿನ್ನಬೇಕು, ಜೊತೆಗೆ ಹುಳಿಹಣ್ಣು ಇರಲಿ, ಮುಂದಿನ ಸಲವೂ ಹೀಗೇ ಇದ್ದರೆ ರಕ್ತ ಏರಿಸಬೇಕಾಗುತ್ತದೆ ಎಂದರು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ರಾಜೂರು ದಾಟುವುದರೊಳಗೆ, ಒಲೆಯನ್ನೇ ಮುಟ್ಟದೆ ಏನು ಮಾಡಬಹುದು ಎಂದು ಲೆಕ್ಕ ಹಾಕಿದ್ದೆ.

ಎಳೆ ಮೆಂತ್ಯ, ಹಕ್ಕರಕಿ ತಪ್ಪಲು, ಉಳ್ಳಾಗಡ್ಡಿ. ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಆರಿಸಿ, ಅವಳ ತಾಟಿನಲ್ಲಿಟ್ಟು ಮೇಲೆ ಆ ರಸ ಹಾಕಿ ಕಲಸಿದೆ. ಅರ್ಧ ರೊಟ್ಟಿಯ ಜೊತೆ ತಿಂದಳು. ತಿಂದದ್ದು ಹೊಟ್ಟೆಯಲ್ಲಿ ಉಳಿಯಿತು. ಮರುದಿನ ಒಂದು ರೊಟ್ಟಿ ತಿಂದಳು. ಇದನ್ನು ನೋಡಿದ ನನ್ನ ನೆಗೆಣ್ಣಿ, ಅಂದರೆ ನಿಮ್ಮ ದೊಡ್ಡಜ್ಜನ ಹೆಂಡತಿ, "ಸೊಸಿಗೆ ಹಸಿ ತಪ್ಪಲಾ ಹಾಕತಿ, ಆಡು ಅಂತ ತಿಳಕೊಂಡಿಯೇನ?" ಎಂದಳು. ಎದುರು ಮಾತಾಡಿ ನನಗೆ ರೂಢಿಯಿಲ್ಲ. ಮರುದಿನವೂ ಅದನ್ನೇ ಮಾಡಿದೆ.

ಐದನೆಯ ತಿಂಗಳಲ್ಲಿ ಬೆಳವಣಕಿಯಿಂದ ನಿಮ್ಮ ಆ ಅಮ್ಮ, ನಿಮ್ಮವ್ವನ ತಾಯಿ, ಕಳ್ಳಕುಬಸಕ್ಕೆ ಬುತ್ತಿ ತಂದರು. ಮಗಳಿಗೆ ಹಸಿರು ಕುಬಸ ಉಡುಗೊರೆ ಕೊಟ್ಟು, ಆರತಿ ಮಾಡಿ, ತವರಿನ ಅಡಿಗೆ ಉಣಿಸುವ ಶಾಸ್ತ್ರ ಅದು. ಎಣಗಾಯಿ, ಚಿತ್ರಾನ್ನ, ಕಟ್ಟಿನ ಸಾರು. ಎಲ್ಲಕ್ಕೂ ಒಗ್ಗರಣೆ, ಎಲ್ಲವೂ ಪ್ರೀತಿಯಿಂದ ಮಾಡಿದ್ದು. ಪಡಸಾಲೆಯಲ್ಲಿ ಮುತ್ತೈದೆಯರು ಕೂತರು. ನಿಮ್ಮಜ್ಜ ತೀರಿಕೊಂಡ ಮೇಲೆ ಇಂಥ ಶಾಸ್ತ್ರಕ್ಕೆ ನಾನು ಅಡಿಗೆಮನೆ ಬಿಟ್ಟು ಬರುತ್ತಿರಲಿಲ್ಲ. ಯಾರೂ ಬರಬೇಡ ಎಂದವರಲ್ಲ. ನಾನೇ ಒಳಗೆ ಉಳಿಯುತ್ತಿದ್ದೆ.

ಅದಕ್ಕೇ ಅವತ್ತು ತಪ್ಪು ಮಾಡಿದೆ. ತಪ್ಪಲಿಗೆ ಮೊದಲೇ ರಸ ಕಲಸಿ, ಬಟ್ಟಲನ್ನು ನೆಗೆಣ್ಣಿಯ ಕೈಯಲ್ಲಿ ಹೊರಗೆ ಕಳಿಸಿದೆ. ಉಡಿ ತುಂಬಿ, ಹಾಡು ಹೇಳಿ, ಆರತಿ ಮುಗಿಸುವುದರಲ್ಲಿ ಉಪ್ಪು ತನ್ನ ಕೆಲಸ ಮಾಡಿತ್ತು. ತಪ್ಪಲು ಬಾಡಿ ನೀರುಬಿಟ್ಟು ಕಪ್ಪಗಾಗಿತ್ತು. ಬಾಗಿಲ ಸಂದಿಯಿಂದ ನೋಡಿದೆ. ನಿಮ್ಮವ್ವ ಬಟ್ಟಲನ್ನು ಹಿಂದೆ ಸರಿಸಿದಳು. ಅವಳ ತಾಯಿ ಎಣಗಾಯಿಯ ತುತ್ತು ಬಾಯಿಯ ಹತ್ತಿರ ತಂದರು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಂದಿನ ವಾರ ರಕ್ತ ನೋಡುವವರಿದ್ದರು. ಅವಳು ಬೆಳಿಗ್ಗೆಯಿಂದ ಉಪವಾಸ.

"ಅತ್ತೀ," ಎಂದು ಕರೆದಳು. "ನೀವ ಬಂದು ಕಲಸ್ರಿ."

ಹಾಡಿದವರೆಲ್ಲ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ಆ ರಸವನ್ನು ತಾಟಿನ ಮುಂದೆ ಕೂತೇ ಕಲಸಬೇಕು, ಕಲಸಿದ ಕೂಡಲೆ ತಿನ್ನಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ ಏನಾಗುತ್ತದೆಂದು ಆಗಷ್ಟೇ ನೋಡಿದ್ದೆ. ಒಂದು ಕೈಯಲ್ಲಿ ತಪ್ಪಲು, ಒಂದು ಕೈಯಲ್ಲಿ ತುರಿಮಣೆ ಮತ್ತು ಹಣ್ಣು ಹಿಡಿದು ಹೊಸ್ತಿಲು ದಾಟಿದೆ. ಅವಳ ಮಣೆಯ ಮುಂದೆ ಕೂತು ಹಣ್ಣು ಉಜ್ಜಲು ಹತ್ತಿದೆ.

ನೆಗೆಣ್ಣಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಿಮ್ಮ ಬೆಳವಣಕಿ ಅಮ್ಮ ತಮ್ಮ ಎಣಗಾಯಿಯನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿದರು. "ಅಕ್ಕಾರ, ಕೈ ನಿಮ್ಮದ ಇರ್ಲಿ. ಮೊದಲನೇ ತುತ್ತ ನೀವ ಉಣಸ್ರಿ," ಎಂದರು.

ಉಣಿಸಿದೆ. ತಾಟು ಖಾಲಿಯಾಯಿತು.

ಮುಂದಿನ ವಾರ ರಕ್ತ ಪೂರಾ ಸರಿಯಾಗಿರಲಿಲ್ಲ, ಆದರೆ ಏರಿತ್ತು. ರಕ್ತ ಏರಿಸುವ ಮಾತು ಡಾಕ್ಟರಬಾಯಿ ಮತ್ತೆ ಎತ್ತಲಿಲ್ಲ. ಗುಳಿಗೆಯ ಕೆಲಸ ಗುಳಿಗೆ ಮಾಡಿತು, ನನ್ನ ಕೆಲಸ ನಾನು ಮಾಡಿದೆ.

ಸಣ್ಣವನೇ, ನಿನ್ನ ಸಲದ ಕುಬಸಕ್ಕೆ ಬೆಳವಣಕಿಯ ಬುತ್ತಿಯ ಮೇಲುಗಡೆ ಜವಾರಿ ಟೊಮ್ಯಾಟೊ ಇದ್ದವು. ತುರಿಮಣಿ ನಿಮ್ಮದ ತರ್ರಿ ಎಂದು ನಿಮ್ಮ ಆ ಅಮ್ಮ ಪಡಸಾಲೆಯಿಂದಲೇ ಕೂಗಿದರು. ನಿಮ್ಮವ್ವನಿಗೆ ಆ ಸಲ ಯಾವ ವಾಸನೆಯೂ ಬಾಧಿಸಲಿಲ್ಲ, ಮೂರು ಎಣಗಾಯಿ ತಿಂದಳು. ನಾನು ಮುತ್ತೈದೆಯರ ನಡುವೆ ಕೂತು ಹಣ್ಣು ಉಜ್ಜಿದೆ. ಆ ತಾಟನ್ನು ಪೂರ್ತಿ ಖಾಲಿ ಮಾಡಿದವಳು ನನ್ನ ನೆಗೆಣ್ಣಿ.